‘ಲೆಫ್ಟ್ ಬೀದರ್’, ‘ಲೆಫ್ಟ್ ಫಾರ್ ಬೀದರ್’

ಕಲಬುರಗಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುವಾಗ ಮೊದಲ ದಿನ ಬೋರ್ಡಿನ ಮೇಲೆ ಬರೆಯುವುದು ಎರಡೇ ವಾಕ್ಯ: ‘ಹಿ ಲೆಫ್ಟ್ ಬೀದರ್’, ‘ಹಿ ಲೆಫ್ಟ್ ಫಾರ್ ಬೀದರ್’. ಒಬ್ಬ ಬೀದರ್ ಬಿಟ್ಟ, ಇನ್ನೊಬ್ಬ ಬೀದರಿಗೆ ಹೊಂಟ. ಒಂದು ‘ಫಾರ್’ ಬಸ್ಸಿನ ದಿಕ್ಕನ್ನೇ ತಿರುಗಿಸಿತು. ಕನ್ನಡದಲ್ಲಿ ಈ ಕೆಲಸ ಬಹುಮಟ್ಟಿಗೆ ವಿಭಕ್ತಿಯದು. ಹಾಗಾಗಿ ‘ಫಾರ್’, ‘ಟು’, ‘ಆ್ಯಟ್’ನಂಥ ಪ್ರಿಪೊಸಿಷನ್‌ಗಳ ಪಟ್ಟಿ ಬಾಯಿಪಾಠ ಮಾಡಿಸುವುದಿಲ್ಲ. ಕ್ರಿಯಾಪದವನ್ನು ಪ್ರಿಪೊಸಿಷನ್ ಇಲ್ಲದೆ ಒಮ್ಮೆ, ಸೇರಿಸಿ ಒಮ್ಮೆ ಬರೆಸಿ, ಎದುರಿಗೆ ‘ಅನ್ನು’, ‘ಗೆ’, ‘ಇಂದ’ ಯಾವುದು ಬರುತ್ತದೋ ಅದನ್ನು ಬರೆಸುತ್ತೇನೆ.

‘ಐ ಆ್ಯಮ್ ಪ್ರಿಪೇರಿಂಗ್ ದಿ ಎಕ್ಸಾಮ್’ ಎಂದವನು ಪ್ರಶ್ನೆಪತ್ರಿಕೆಯನ್ನೇ ತಯಾರಿಸುತ್ತಿದ್ದಾನೆ! ಪರೀಕ್ಷೆಗೆ ಓದುವವನಿಗೆ ‘ಫಾರ್’ ಬೇಕು. ಪೊಲೀಸರು ಕಳ್ಳನನ್ನು ‘ಸರ್ಚ್’ ಮಾಡಿದರೆ ಅವನು ಸಿಕ್ಕಿದ್ದಾನೆ, ಜೇಬು ತಡಕುತ್ತಿದ್ದಾರೆ. ‘ಸರ್ಚ್ ಫಾರ್’ ಆದರೆ ಅವನನ್ನೇ ಹುಡುಕುತ್ತಿದ್ದಾರೆ. ‘ಶಾಟ್ ದಿ ಟೈಗರ್’ ಎಂದರೆ ಗುಂಡು ತಗುಲಿದೆ. ‘ಶಾಟ್ ಆ್ಯಟ್’ ಎಂದರೆ ಹುಲಿಯ ಕಡೆ ಹಾರಿಸಿದ್ದಷ್ಟೇ ಖಾತ್ರಿ. ಮೀಟಿಂಗಿಗೆ ಹೋಗುವುದು ‘ಅಟೆಂಡ್’, ರೋಗಿಯನ್ನು ನೋಡಿಕೊಳ್ಳುವುದು ‘ಅಟೆಂಡ್ ಟು’.

ಹೆಚ್ಚು ತಪ್ಪಾಗುವುದು ಬೇಡದ ಕಡೆ ಪ್ರಿಪೊಸಿಷನ್ ಸೇರಿಸುವುದರಲ್ಲಿ: ‘ಡಿಸ್ಕಸ್ ಅಬೌಟ್’, ‘ರೀಚ್ ಟು’, ‘ಮ್ಯಾರಿ ವಿತ್’. ‘ಬಗ್ಗೆ ಚರ್ಚೆ’, ‘ಊರಿಗೆ ಮುಟ್ಟಿದೆ’, ‘ಅವಳ ಜೊತೆ ಮದುವೆ’ ಎಂಬ ನಮ್ಮ ಮಾತು ಒಂದು ಕಾರಣ. ಇನ್ನೊಂದು ಕಾರಣ ಇಂಗ್ಲಿಷಿನೊಳಗೇ ಇದೆ, ಅದನ್ನು ತೋರಿಸುವವರು ಕಡಿಮೆ: ನಾಮಪದಕ್ಕೆ ಪ್ರಿಪೊಸಿಷನ್ ಇದ್ದು, ಅದರದೇ ಕ್ರಿಯಾಪದಕ್ಕೆ ಇರುವುದಿಲ್ಲ. ‘ಡಿಸ್ಕಷನ್ ಅಬೌಟ್ ಸ್ಯಾಲರಿ’ ಸರಿ, ಕ್ರಿಯಾಪದವಾದರೆ ‘ಡಿಸ್ಕಸ್ ಸ್ಯಾಲರಿ’. ‘ಆ್ಯನ್ ಆರ್ಡರ್ ಫಾರ್ ಟೀ’, ಆದರೆ ‘ಆರ್ಡರ್ ಟೀ’. ‘ಎಂಫಸಿಸ್ ಆನ್’, ಆದರೆ ‘ಎಂಫಸೈಜ್’ ಬರೀ. ‘ಆ್ಯನ್ ಅಟ್ಯಾಕ್ ಆನ್ ದಿ ಫೋರ್ಟ್’, ‘ಅಟ್ಯಾಕ್ಡ್ ದಿ ಫೋರ್ಟ್’. ಪದಕ್ಕಿಂತ ಮೊದಲು ‘ಎ’ ಅಥವಾ ‘ದಿ’ ಹಚ್ಚಿ ನೋಡಿದರೆ ನಾಮಪದವೋ ಅಲ್ಲವೋ ಗೊತ್ತಾಗುತ್ತದೆ. ಇದನ್ನು ಪಕ್ಕಾ ಸೂತ್ರ ಅನ್ನಲಾರೆ. ‘ರಿಪ್ಲೈ’ ನಾಮಪದವಾದರೂ ಕ್ರಿಯಾಪದವಾದರೂ ‘ಟು’ ಕೇಳುತ್ತದೆ.

ವಾರಕ್ಕೆ 8 ಜೋಡಿ ಸಾಕು. ಎರಡು ದಿನ ಬಿಟ್ಟು ಕನ್ನಡ ವಾಕ್ಯ ಹೇಳಿ, ನೋಟ್‌ಬುಕ್ ಮುಚ್ಚಿಸಿ ಇಂಗ್ಲಿಷಿನಲ್ಲಿ ಬರೆಸುತ್ತೇನೆ; ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಸಿದರೆ ಎಲ್ಲರೂ ಪಾಸು, ಉಪಯೋಗವಿಲ್ಲ. ಆದರೆ ‘ಡಿಸ್ಕಸ್’ ಪಾಠವಾದ ಮರುವಾರವೇ ‘ಲಿಸನ್ ಮಿ’, ‘ವೇಟ್ ದಿ ಬಸ್’ ಶುರುವಾಗುತ್ತವೆ. ಬೇಕಾದ ‘ಟು’, ‘ಫಾರ್’ ಕೂಡ ಹಾರಿಹೋಗಿರುತ್ತವೆ. ಅದಕ್ಕೇ ಆ 8ರಲ್ಲಿ 3 ಜೋಡಿ ಪ್ರಿಪೊಸಿಷನ್ ಬಿಡಲೇಬಾರದ ಕ್ರಿಯಾಪದಗಳದ್ದಾಗಿರಬೇಕು, ಅದೂ ನಡುನಡುವೆ ಕಲಸಿ.