ಕ್ಲೋರೋಫಾರ್ಮ್ ಸಾವಿನ ಜಗಳವನ್ನು ಪಿಜಿಗಳ ಕೈಗೆ ಕೊಟ್ಟ ಮೇಲೆ: ನನ್ನ ಅನುಭವ

ಥೀಸಿಸ್, ಡ್ಯೂಟಿ, ಪರೀಕ್ಷೆಗಳಲ್ಲೇ ಹೈರಾಣಾಗಿರುವ ಪಿಜಿಗಳು (ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳು) ಅರಿವಳಿಕೆಯ ಇತಿಹಾಸವನ್ನು ಸಂಶೋಧಿಸುವುದು ಆಗದ ಮಾತು ಎಂದು ನಮ್ಮ ವಿಭಾಗದ ಹಿರಿಯರು ಮೊದಲಿನಿಂದಲೂ ಹೇಳುತ್ತಿದ್ದರು. ಈಚೆಗೆ ನಮ್ಮ ಇಬ್ಬರು ಪಿಜಿಗಳ ಇತಿಹಾಸದ ಪ್ರಬಂಧಕ್ಕೆ ಸಮ್ಮೇಳನದಲ್ಲಿ ಬಹುಮಾನ ಬಂತು. ಈಗ ಅದೇ ಹಿರಿಯರು ಹೇಗೆ ಮಾಡಿಸಿದಿರಿ ಎಂದು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ನಾಲ್ಕೈದು ವರ್ಷ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಅಕ್ಟೋಬರ್ 16 ಬಂತೆಂದರೆ 1846ರಲ್ಲಿ ಅದೇ ದಿನ ಬಾಸ್ಟನ್ನಿನಲ್ಲಿ ಮಾರ್ಟನ್ ಈಥರ್ ಆವಿಯಿಂದ ಅರಿವಳಿಕೆ ಕೊಟ್ಟು ತೋರಿಸಿದ್ದರ ಕುರಿತು ಒಂದು ಭಾಷಣ. ಹೊರಗಿನಿಂದ ಕರೆಸಿದ ಉಪನ್ಯಾಸಕರ ಪ್ರಯಾಣ, ವಸತಿಗೆ ಒಮ್ಮೆ ಹದಿನೈದು ಸಾವಿರದಷ್ಟು ಖರ್ಚಾಯಿತು. ಅರ್ಧ ಸಭೆ ಕರೆ ಬಂದಿದೆಯೆಂದು ಎದ್ದು ಹೋಯಿತು. ನನ್ನ ಕೈಯಿಂದ ಐದು ಸಾವಿರ ಬಹುಮಾನವಿಟ್ಟು ಪ್ರಬಂಧ ಸ್ಪರ್ಧೆ ಮಾಡಿದಾಗ ಎಲ್ಲರ ಬರಹದಲ್ಲೂ ಲಾಂಗ್, ವೆಲ್ಸ್, ಮಾರ್ಟನ್, ಸಿಂಪ್ಸನ್ ಎಂಬ ಅರಿವಳಿಕೆಯ ಆದ್ಯರು ಅದೇ ಕ್ರಮದಲ್ಲಿ, ಹೆಚ್ಚುಕಡಿಮೆ ಅವೇ ವಾಕ್ಯಗಳಲ್ಲಿ ಬಂದರು. ಮರುವರ್ಷ ಬಹುಮಾನ ಹೆಚ್ಚಿಸಿದರೆ ಪುಟಗಳಷ್ಟೇ ಹೆಚ್ಚಿದವು. ಒಟ್ಟು ನಲವತ್ತು ಸಾವಿರದ ಆಸುಪಾಸು ಹೋಗಿರಬೇಕು.

ಕೆಲಸಕ್ಕೆ ಬಂದದ್ದು ಖರ್ಚಿಲ್ಲದ ಉಪಾಯ. ಆಸ್ಪತ್ರೆಯ ಸಾವುಗಳ ಕಾರಣ ಚರ್ಚಿಸುವ ತಿಂಗಳ ಮಾರ್ಟಾಲಿಟಿ ಮೀಟಿಂಗಿಗೆ 1848ರ ಜನವರಿ 28ರ ಒಂದು ಸಾವನ್ನು ನಮ್ಮದೇ ಕೇಸಿನಂತೆ ಇಟ್ಟೆ. ಇಂಗ್ಲೆಂಡಿನ ನ್ಯೂಕಾಸಲ್ ಬಳಿಯ ಹದಿನೈದು ವರ್ಷದ ಹುಡುಗಿ ಹ್ಯಾನಾ ಗ್ರೀನರ್. ಕಾಲ್ಬೆರಳ ಉಗುರು ತೆಗೆಯಬೇಕಿತ್ತು. ಹಿಂದೊಮ್ಮೆ ಈಥರ್ ಪಡೆದು ಅಪಾಯವಿಲ್ಲದೆ ಎದ್ದವಳು. ಈ ಸಲ ಬಟ್ಟೆಯ ಮೇಲೆ ಒಂದು ಚಮಚದಷ್ಟು ಕ್ಲೋರೋಫಾರ್ಮ್ ಹಾಕಿ ಮೂಗಿಗೆ ಹಿಡಿದರು. ಕೊಯ್ಯುತ್ತಿದ್ದಂತೆ ತುಟಿ ಬಿಳುಚಿತು. ಬಾಯಿಗೆ ನೀರು, ಬ್ರಾಂದಿ ಹಾಕಿದರು. ಸುಮಾರು ಮೂರು ನಿಮಿಷದಲ್ಲಿ ಎಲ್ಲ ಮುಗಿಯಿತು. ಔಷಧದಿಂದಲ್ಲ, ಬಾಯಿಗೆ ಸುರಿದ ದ್ರವದಿಂದ ಉಸಿರುಕಟ್ಟಿತು ಎಂದು, ಕ್ಲೋರೋಫಾರ್ಮನ್ನು ಬಳಕೆಗೆ ತಂದ ಸಿಂಪ್ಸನ್ ವಾದಿಸಿದರೆ, ಗಾಢವಾದ ಕ್ಲೋರೋಫಾರ್ಮ್ ಆವಿ ಹೃದಯವನ್ನೇ ನಿಲ್ಲಿಸಿತು ಎಂದು ಲಂಡನ್ನಿನ ಅರಿವಳಿಕೆ ವೈದ್ಯ ಜಾನ್ ಸ್ನೋ ಹೇಳಿದರು. ಪಿಜಿಗಳಿಗೆ ಇಬ್ಬರ ತೀರ್ಮಾನವನ್ನೂ ತಿಳಿಸದೆ ಘಟನೆಯ ವಿವರವನ್ನಷ್ಟೇ ಕೊಟ್ಟು ಸಾವಿನ ಕಾರಣ ಬರೆಯಿರಿ ಎಂದೆ. ಸಭೆ ಮುಗಿದ ಮೇಲೂ ಕಾರಿಡಾರಿನಲ್ಲಿ ಜಗಳ ನಡೆದಿತ್ತು. ಆ ವಾರವೇ ಮೂವರು ತಾವಾಗಿ ಬಂದು ಮೂಲ ವರದಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಉಸಿರಿನ ಪಕ್ಷ, ಹೃದಯದ ಪಕ್ಷ ಎಂದು ಪಿಜಿಗಳನ್ನು ಹಂಚುವಾಗ ಯಾರನ್ನು ಯಾವ ಪಕ್ಷಕ್ಕೆ ಹಾಕಬೇಕೆಂದು ನಾನು ಆರಿಸುವ ಬಗೆಯೊಂದಿದೆ, ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ.

ಅಲ್ಲಿಂದ ಪಿಜಿಗಳ ಹುಡುಕಾಟ ಹೈದರಾಬಾದಿಗೆ ಬಂತು. ನಮ್ಮ ಕಲಬುರಗಿ, ಬೀದರ, ರಾಯಚೂರು 1948ರವರೆಗೆ ನಿಜಾಮರ ಆಡಳಿತದಲ್ಲಿದ್ದುದರಿಂದ ಇದು ಹುಡುಗರಿಗೆ ತಮ್ಮ ಅಜ್ಜಂದಿರ ಕಾಲದ ಸರ್ಕಾರದ ಕಥೆ. ಅಲ್ಲಿನ ಸರ್ಜನ್ ಎಡ್ವರ್ಡ್ ಲಾರಿ, ಕ್ಲೋರೋಫಾರ್ಮ್ ಕೊಡುವಾಗ ನಾಡಿಯ ಗೊಡವೆ ಬೇಡ, ಉಸಿರನ್ನೇ ನೋಡುತ್ತಿರಿ ಎಂದು ಕಲಿಸುತ್ತಿದ್ದವರು. ಇದನ್ನೇ ಸಮರ್ಥಿಸಿದ 1888ರ ಮೊದಲ ಕ್ಲೋರೋಫಾರ್ಮ್ ಆಯೋಗವನ್ನು ಲಂಡನ್ನಿನವರು ಒಪ್ಪದಿದ್ದಾಗ ನಿಜಾಮ್ ಮಹಬೂಬ್ ಅಲಿ ಖಾನ್ ಸಾವಿರ ಪೌಂಡ್ ಕೊಟ್ಟು 1889ರಲ್ಲಿ ಲಂಡನ್ನಿನ ವೈದ್ಯವಿಜ್ಞಾನಿ ಲಾಡರ್ ಬ್ರಂಟನ್ನರನ್ನು ಕರೆಸಿದರು. ನಾನೂರಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಮೊದಲು ನಿಲ್ಲುವುದು ಉಸಿರೇ ಎಂದು ಎರಡನೆಯ ಆಯೋಗವೂ ಬರೆಯಿತು. ಬ್ರಿಟನ್ನಿನ ವೈದ್ಯ ಲೆವಿ 1911ರಲ್ಲಿ, ಹಗುರವಾಗಿ ಕ್ಲೋರೋಫಾರ್ಮ್ ಕೊಟ್ಟ ಬೆಕ್ಕುಗಳಲ್ಲಿ ವೆಂಟ್ರಿಕ್ಯುಲರ್ ಫಿಬ್ರಿಲೇಷನ್ (ಹೃದಯ ಬಡಿಯುವುದು ಬಿಟ್ಟು ಬರೀ ಅದುರುವುದು) ಆಗುವುದನ್ನು ತೋರಿಸಿದ ಪ್ರಬಂಧ ಸಿಕ್ಕ ದಿನ, ಲಾರಿಯ ಪಕ್ಷದಲ್ಲಿದ್ದ ಪಿಜಿ ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡಿದ್ದರು.

ನಡುವೆ ಬೇರೊಂದು ಪ್ರಯೋಗವನ್ನೂ ಮಾಡಿದೆವು. ಹಳೆಯ ಸ್ಟೋರಿನಲ್ಲಿ ತುಕ್ಕು ಹಿಡಿದಿದ್ದ ಷಿಮ್ಮೆಲ್‌ಬುಷ್ ಮಾಸ್ಕನ್ನು (ಮೂಗು, ಬಾಯಿಯ ಮೇಲಿಟ್ಟು ಅರಿವಳಿಕೆ ದ್ರವ ಹನಿಸುತ್ತಿದ್ದ ತಂತಿಯ ಚೌಕಟ್ಟು) ಉಜ್ಜಿ, ಗಾಜ್ ಪದರ ಹಾಸಿ, ಬರೀ ನೀರನ್ನು ಹನಿಹನಿಯಾಗಿ ಬಿಡಿಸಿದೆ. ಮಾನಿಟರಿಗೆ ಬಟ್ಟೆ ಮುಚ್ಚಿ, ಮಲಗಿದ ಸಹಪಾಠಿಯ ಉಸಿರು ಮತ್ತು ನಾಡಿಯನ್ನು ಕಾಲು ಗಂಟೆ ಒಟ್ಟಿಗೆ ಗಮನಿಸಲು ಹೇಳಿದೆ. ಹನಿಯ ಲೆಕ್ಕ ಹಿಡಿದವರಿಗೆ ನಾಡಿ ತಪ್ಪಿತು, ನಾಡಿ ಹಿಡಿದವರಿಗೆ ಹನಿ ತಪ್ಪಿತು. ಆಯೋಗದ ವರದಿಯ ಅಂಕಿಗಳನ್ನು ಅವರು ಮತ್ತೆ ಅನುಮಾನದಿಂದ ಓದಲು ತೊಡಗಿದ್ದು ಇದಾದ ಮೇಲೆಯೇ. ನಿವೃತ್ತ ಓಟಿ (ಶಸ್ತ್ರಚಿಕಿತ್ಸಾ ಕೊಠಡಿ) ಸಿಬ್ಬಂದಿಯ ನೆನಪುಗಳನ್ನು ಧ್ವನಿಮುದ್ರಿಸುವ ಯತ್ನ ಮಾತ್ರ ಫಲಿಸಲಿಲ್ಲ. ಮಾತೆಲ್ಲ ವರ್ಗಾವಣೆ, ಪಿಂಚಣಿಯ ಕಡೆಗೇ ಹೋಗುತ್ತಿತ್ತು.

ಲಂಡನ್ನಿನ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಹಳೆಯ ಸಂಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿಯೇ ಸಿಕ್ಕವು. ಈ ಇಡೀ ಪ್ರಬಂಧಕ್ಕೆ ಮುದ್ರಣ, ಪೋಸ್ಟರ್ ಸೇರಿ ಮೂರು ಸಾವಿರ ದಾಟಿಲ್ಲ. ಲಾರಿಯ ಕಾಲದ ಹೈದರಾಬಾದಿನಲ್ಲಿ ಕ್ಲೋರೋಫಾರ್ಮ್ ಕೊಡುತ್ತಿದ್ದ ವೈದ್ಯೆ ರೂಪಾಬಾಯಿ ಫರ್ದೂನ್‌ಜಿಯವರ ಬಗ್ಗೆ ಈಗ ಮೊದಲ ವರ್ಷದ ಪಿಜಿಯೊಬ್ಬರು ಹುಡುಕುತ್ತಿದ್ದಾರೆ. ಅವರ ಹೈದರಾಬಾದ್ ಪ್ರಯಾಣದ ಖರ್ಚನ್ನು ವಿಭಾಗದ ನಿಧಿಯಿಂದ ಕೊಡುವುದಕ್ಕೆ, ಆಗದ ಮಾತು ಎಂದಿದ್ದ ಹಿರಿಯರೇ ಸಹಿ ಹಾಕಿದ್ದಾರೆ.