ಅಡ್ಮಿನ್ ಆದರೂ ಸೇವ್ ಆಗದ ಫೈಲ್

ವೆಬ್‌ಸೈಟ್‌ಗಳನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುವುದು ನನ್ನ ಕೆಲಸದ ದೊಡ್ಡ ಪಾಲು. ಹೊಸ ಸರ್ವರಿನಲ್ಲಿ ಸೈಟ್ ಸರಿಯಾಗಿ ತೆರೆಯುತ್ತಿದೆಯಾ ಅಂತ ನಾನು ನೋಡಬೇಕು. ಆದರೆ ಉಳಿದವರಿಗೆಲ್ಲ ಇನ್ನೂ ಹಳೆಯದೇ ಕಾಣುತ್ತಿರಬೇಕು. ಅದಕ್ಕೆ ನನ್ನ ಕಂಪ್ಯೂಟರಿನ ಹೋಸ್ಟ್ಸ್ ಫೈಲಿನಲ್ಲಿ, ಅಂದರೆ ಯಾವ ಸೈಟಿನ ಹೆಸರಿಗೆ ಯಾವ ವಿಳಾಸ ಅಂತ ಕಂಪ್ಯೂಟರ್ ನೋಡಿಕೊಳ್ಳುವ ಪಟ್ಟಿಯಲ್ಲಿ, ಒಂದು ಸಾಲು ಸಾಕು. ಮೊದಲು ಹೊಸ ಸರ್ವರಿನ ಐಪಿ ವಿಳಾಸ, ಜಾಗ ಬಿಟ್ಟು ಸೈಟಿನ ಹೆಸರು. ಬರೆಯುವುದು ಕ್ಷಣದ ಕೆಲಸ. ಸೇವ್ ಮಾಡುವುದಕ್ಕೆ ಮಾತ್ರ ಅರ್ಧ ದಿನ ಒದ್ದಾಡಿದವರನ್ನು ನೋಡಿದ್ದೇನೆ.

ಸಿಸ್ಟಂ 'ಪರ್ಮಿಷನ್ ಇಲ್ಲ' ಅಂತ ಹೀಗೆ ಅಡ್ಡ ಬರುವುದು ಸುಮ್ಮನೆ ಅಲ್ಲ. ಕೆಟ್ಟ ಪ್ರೋಗ್ರಾಂ ಒಂದು ಇದೇ ಫೈಲಿನಲ್ಲಿ ನಿಮ್ಮ ಬ್ಯಾಂಕಿನ ಹೆಸರಿನ ಪಕ್ಕ ತನಗೆ ಬೇಕಾದ ವಿಳಾಸ ಬರೆದರೆ ಏನಾಗುತ್ತದೆ, ಯೋಚಿಸಿ. ಹಾಗಾಗಿ ನಾನು ಫೈಲಿನ ಪರ್ಮಿಷನ್ ಸಡಿಲ ಮಾಡಲು ಹೋಗುವುದಿಲ್ಲ. ಆ ಒಂದು ಎಡಿಟ್ ಮುಗಿಯುವವರೆಗೆ ಮಾತ್ರ ಜಾಸ್ತಿ ಅಧಿಕಾರ ಪಡೆಯುತ್ತೇನೆ. ಬೀಗ ಒಡೆಯುವುದು ಬೇರೆ, ಬೀಗದ ಕೈ ಕೇಳಿ ತಂದು ಕೆಲಸ ಮುಗಿಸಿ ವಾಪಸ್ ಕೊಡುವುದು ಬೇರೆ ಅಲ್ವಾ?

ವಿಂಡೋಸ್‌ನಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಈ ಕಂಪ್ಯೂಟರಿಗೆ ನಾನೇ ಅಡ್ಮಿನ್, ನನಗೇ ಯಾಕೆ ಪರ್ಮಿಷನ್ ಇಲ್ಲ?" ಇದಕ್ಕೆ ಉತ್ತರ 2007ರಲ್ಲಿ ಬಂದ ವಿಂಡೋಸ್ ವಿಸ್ತಾದಲ್ಲಿದೆ. ಅಲ್ಲಿಂದ ಮುಂದೆ ಅಡ್ಮಿನ್ ಖಾತೆಯಲ್ಲಿ ಲಾಗಿನ್ ಆದವರಿಗೂ ಸಿಸ್ಟಂ ಎರಡು ಟೋಕನ್, ಅಂದರೆ ಅಧಿಕಾರದ ಚೀಟಿ, ಕೊಡುತ್ತದೆ. ಒಂದರಲ್ಲಿ ಅಡ್ಮಿನ್ ಅಧಿಕಾರವನ್ನು ತೆಗೆದಿರುತ್ತಾರೆ, ಇನ್ನೊಂದರಲ್ಲಿ ಪೂರ್ತಿ ಇರುತ್ತದೆ. ಡಬಲ್ ಕ್ಲಿಕ್ ಮಾಡಿ ತೆರೆದ ಪ್ರೋಗ್ರಾಂಗೆ ಸಿಗುವುದು ಮೊದಲನೆಯದು. ಎರಡನೆಯದು ಬೇಕಾದರೆ ನಾವೇ ಕೇಳಬೇಕು. ತೆರೆ ಮಬ್ಬಾಗಿ 'ಹೌದು', 'ಇಲ್ಲ' ಅಂತ ಕೇಳುವ ಕಿಟಕಿ ಬರುತ್ತದಲ್ಲ, ಅದು ಬರುವುದು ಆಗಲೇ.

ಹಾಗಾಗಿ ನಾನು ಹೋಸ್ಟ್ಸ್ ಫೈಲನ್ನು ನೇರವಾಗಿ ತೆರೆಯುವುದಿಲ್ಲ. ಸ್ಟಾರ್ಟ್ ಮೆನುವಿನಲ್ಲಿ ನೋಟ್‌ಪ್ಯಾಡ್ ಹುಡುಕಿ, ರೈಟ್ ಕ್ಲಿಕ್ ಮಾಡಿ, 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಒತ್ತುತ್ತೇನೆ. ಆ ನೋಟ್‌ಪ್ಯಾಡಿನ ಒಳಗಿನಿಂದಲೇ ಫೈಲ್ ಮೆನುಗೆ ಹೋಗಿ ಓಪನ್ ಮಾಡುತ್ತೇನೆ. ಸಿ ಡ್ರೈವ್, ವಿಂಡೋಸ್, ಸಿಸ್ಟಂ32, ಡ್ರೈವರ್ಸ್, ಇಟಿಸಿ ಹೀಗೆ ಇಳಿದರೆ ಆ ಫೋಲ್ಡರ್ ಖಾಲಿ ಕಾಣುತ್ತದೆ. ಗಾಬರಿ ಬೇಡ. ನೋಟ್‌ಪ್ಯಾಡ್ ಟೆಕ್ಸ್ಟ್ ಫೈಲುಗಳನ್ನಷ್ಟೇ ತೋರಿಸುತ್ತಿರುತ್ತದೆ. ಹೋಸ್ಟ್ಸ್ ಫೈಲಿನ ಹೆಸರಿನ ಕೊನೆಗೆ '.ಟಿಎಕ್ಸ್‌ಟಿ' ಥರದ ಬಾಲವೇ ಇಲ್ಲ. ಕೆಳಗೆ 'ಆಲ್ ಫೈಲ್ಸ್' ಅಂತ ಬದಲಿಸಿದರೆ ಕಾಣುತ್ತದೆ. ಎಕ್ಸ್‌ಪ್ಲೋರರ್‌ನಿಂದ ಫೈಲನ್ನು ಎಳೆದು ಅಡ್ಮಿನ್ ನೋಟ್‌ಪ್ಯಾಡಿನ ಮೇಲೆ ಹಾಕಲು ನೋಡಬೇಡಿ, ಕೆಲಸ ಮಾಡುವುದಿಲ್ಲ. ಕಡಿಮೆ ಅಧಿಕಾರದ ಕಿಟಕಿಯಿಂದ ಹೆಚ್ಚಿನ ಅಧಿಕಾರದ ಕಿಟಕಿಗೆ ಹೀಗೆ ಎಳೆದು ಹಾಕದಂತೆ ವಿಂಡೋಸ್ ತಡೆಯುತ್ತದೆ.

ಕೆಲವರು ಫೈಲನ್ನು ಡೆಸ್ಕ್‌ಟಾಪಿಗೆ ಕಾಪಿ ಮಾಡಿ, ಅಲ್ಲಿ ತಿದ್ದಿ, ಮತ್ತೆ ಅದೇ ಜಾಗಕ್ಕೆ ಕಾಪಿ ಮಾಡುತ್ತಾರೆ. ಎಕ್ಸ್‌ಪ್ಲೋರರ್ ಆಗ ಅಡ್ಮಿನ್ ಒಪ್ಪಿಗೆ ಕೇಳುತ್ತದೆ, ಕೊಟ್ಟರೆ ಆಯಿತು. ತಪ್ಪೇನಿಲ್ಲ. ಹೆಸರಿನ ಕೊನೆಗೆ '.ಟಿಎಕ್ಸ್‌ಟಿ' ಸೇರಿಕೊಂಡಿದೆಯಾ ಅಂತ ಮಾತ್ರ ನೋಡಿಕೊಳ್ಳಿ. ಎಕ್ಸ್‌ಪ್ಲೋರರ್ ಈ ಬಾಲವನ್ನು ಸಾಮಾನ್ಯವಾಗಿ ಮುಚ್ಚಿಡುತ್ತದೆ. ಹಾಗಾಗಿ 'ಸೇವ್ ಆಯಿತು, ಆದರೆ ಏನೂ ಬದಲಾಗಲಿಲ್ಲ' ಅನ್ನುವ ದೂರು ಬಂದರೆ ನಾನು ಮೊದಲು ಆ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲ್ ಇವೆಯಾ ಅಂತ ನೋಡುತ್ತೇನೆ.

'ಸೇವ್ ಆಯಿತು, ಆದರೆ ಬದಲಾಗಲಿಲ್ಲ' ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ, ಇದನ್ನು ಹಿಡಿಯುವುದು ಕಷ್ಟ. ಒಂದು ಕಚೇರಿಯಲ್ಲಿ ಹಳೇ ಕಾಲದ ಪ್ರೋಗ್ರಾಂ ಇತ್ತು. ಅದರ ಸೆಟ್ಟಿಂಗ್ಸ್ ಫೈಲ್ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲೇ ಇತ್ತು. ಒಬ್ಬರು ಸೆಟ್ಟಿಂಗ್ ಬದಲಿಸಿದರೆ ಅವರಿಗೆ ಹೊಸದು ಕಾಣುತ್ತಿತ್ತು, ಅದೇ ಕಂಪ್ಯೂಟರಿನಲ್ಲಿ ಇನ್ನೊಬ್ಬರು ಲಾಗಿನ್ ಆದರೆ ಹಳೆಯದೇ. ಎರರ್ ಒಂದೂ ಇಲ್ಲ. ನಡೆಯುತ್ತಿದ್ದದ್ದು ಇಷ್ಟು: ಅಡ್ಮಿನ್ ಅಧಿಕಾರ ಕೇಳಲು ಗೊತ್ತಿಲ್ಲದ ಹಳೆಯ 32 ಬಿಟ್ ಪ್ರೋಗ್ರಾಂ ಹೀಗೆ ರಕ್ಷಿತ ಜಾಗದಲ್ಲಿ ಬರೆಯಲು ಬಂದರೆ, ವಿಂಡೋಸ್ ಅದನ್ನು ತಡೆಯುವ ಬದಲು ಆ ಬಳಕೆದಾರರದೇ ಆದ 'ವರ್ಚುವಲ್‌ಸ್ಟೋರ್' ಫೋಲ್ಡರಿಗೆ ತಿರುಗಿಸುತ್ತದೆ. ಅದು ಅವರ ಆ್ಯಪ್‌ಡೇಟಾದ ಲೋಕಲ್ ಫೋಲ್ಡರಿನ ಒಳಗಿರುತ್ತದೆ. ಪ್ರೋಗ್ರಾಂಗೆ ತಾನು ನಿಜವಾದ ಫೈಲಿಗೇ ಬರೆದೆ ಅಂತ ಅನಿಸುತ್ತದೆ. ಓದುವಾಗಲೂ ಮೊದಲು ಈ ಖಾಸಗಿ ಪ್ರತಿಯೇ ಸಿಗುತ್ತದೆ. ಹಳೇ ಪ್ರೋಗ್ರಾಂಗಳು ನಿಂತುಹೋಗಬಾರದು ಅಂತ ಮಾಡಿದ ವ್ಯವಸ್ಥೆ ಇದು. ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ನನ್ನನ್ನು ಕೇಳಿದರೆ ನೇರವಾಗಿ 'ಆಗಲ್ಲ' ಅನ್ನುವುದೇ ಎಷ್ಟೋ ವಾಸಿ. ನಾನು ಅಡ್ಮಿನ್ ಎಡಿಟರಿನಲ್ಲಿ ನಿಜವಾದ ಫೈಲನ್ನು ತಿದ್ದಿ, ಪ್ರತಿ ಬಳಕೆದಾರರ ವರ್ಚುವಲ್‌ಸ್ಟೋರ್ ಪ್ರತಿಯನ್ನು ತೆಗೆದೆ. ಗೊಂದಲ ಅಲ್ಲಿಗೆ ಮುಗಿಯಿತು.

ಇನ್ನು ಅಡ್ಮಿನ್ ಟೋಕನ್ ಇದ್ದರೂ ಬಗ್ಗದ ಫೈಲುಗಳಿವೆ. ಸಿಸ್ಟಂ32ರ ಒಳಗಿನ ಬಹುತೇಕ ಫೈಲುಗಳ ಪ್ರಾಪರ್ಟೀಸ್ ತೆರೆದು ಸೆಕ್ಯುರಿಟಿ ಪುಟದಲ್ಲಿ 'ಅಡ್ವಾನ್ಸ್ಡ್' ಒತ್ತಿ ನೋಡಿ. ಮಾಲೀಕರ ಜಾಗದಲ್ಲಿ 'ಟ್ರಸ್ಟೆಡ್‌ಇನ್‌ಸ್ಟಾಲರ್' ಅಂತ ಇರುತ್ತದೆ. ಅದು ಮನುಷ್ಯರ ಖಾತೆ ಅಲ್ಲ, ಅಪ್‌ಡೇಟ್‌ಗಳನ್ನು ಹಾಕುವ ಸರ್ವಿಸ್. ಅಡ್ಮಿನ್‌ಗಳಿಗೂ ಅಲ್ಲಿ ಓದುವ, ಓಡಿಸುವ ಹಕ್ಕಷ್ಟೇ. 'ಟೇಕ್‌ಓನ್' ಕಮಾಂಡಿನಿಂದ ಮಾಲೀಕತ್ವ ತೆಗೆದುಕೊಂಡು, 'ಐಕ್ಯಾಕಲ್ಸ್' ಕಮಾಂಡಿನಿಂದ ಹಕ್ಕು ಕೊಟ್ಟುಕೊಂಡರೆ ಎಡಿಟ್ ಆಗುತ್ತದೆ, ನಿಜ. ಆದರೆ ಅಲ್ಲಿಗೆ ಹೋಗುವ ಮೊದಲು ನಾನು ಕೇಳಿಕೊಳ್ಳುವುದು, ಈ ಫೈಲನ್ನು ಕೈಯಲ್ಲಿ ಬದಲಿಸುವ ಅಗತ್ಯ ನಿಜವಾಗಿ ಇದೆಯಾ? ಹೆಚ್ಚಿನ ಸಲ ಜನ ಅಲ್ಲಿಗೆ ಹೋಗುವುದು ಕೆಟ್ಟುಹೋದ ಡಿಎಲ್‌ಎಲ್ (ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್) ಫೈಲನ್ನು ಎಲ್ಲಿಂದಲೋ ತಂದು ಹಾಕಲು. ಅದಕ್ಕೆ ಪರ್ಮಿಷನ್ ಮುರಿಯಬೇಕಿಲ್ಲ. ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಓಡಿಸಿದರೆ ಸಿಸ್ಟಂ ತನ್ನ ಹತ್ತಿರ ಇರುವ ಒಳ್ಳೆಯ ಪ್ರತಿಯನ್ನು ತಾನೇ ಹಾಕಿಕೊಳ್ಳುತ್ತದೆ. ಆ ಪ್ರತಿಯೇ ಕೆಟ್ಟಿದ್ದರೆ ಡಿಐಎಸ್‌ಎಂ ಕಮಾಂಡಿನ ರಿಸ್ಟೋರ್‌ಹೆಲ್ತ್ ಇದೆ.

ತೀರಾ ಬೇಕೇ ಬೇಕು ಅಂದಾಗ ಐಕ್ಯಾಕಲ್ಸ್‌ನ 'ಸೇವ್' ಬಳಸಿ ಹಳೆಯ ಹಕ್ಕುಗಳನ್ನು ಒಂದು ಫೈಲಿಗೆ ಬರೆದಿಟ್ಟುಕೊಳ್ಳುತ್ತೇನೆ, ಕೆಲಸ ಆದ ಮೇಲೆ 'ರಿಸ್ಟೋರ್' ಮಾಡುತ್ತೇನೆ. ಆ ಸೇವ್‌ನಲ್ಲಿ ಹಕ್ಕುಗಳು ಬರುತ್ತವೆ, ಮಾಲೀಕರ ಹೆಸರು ಬರುವುದಿಲ್ಲ. ಮಾಲೀಕತ್ವವನ್ನು 'ಸೆಟ್‌ಓನರ್' ಕೊಟ್ಟು ಎನ್‌ಟಿ ಸರ್ವಿಸ್‌ನ ಟ್ರಸ್ಟೆಡ್‌ಇನ್‌ಸ್ಟಾಲರ್‌ಗೆ ಪ್ರತ್ಯೇಕವಾಗಿ ಹಿಂದಿರುಗಿಸಬೇಕು.

ಲಿನಕ್ಸ್‌ನಲ್ಲಿ ನನಗೆ ಇಷ್ಟವಾಗುವುದು ಎರರ್ ಮಾತುಗಳು. ಓದಿದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ. 'ಪರ್ಮಿಷನ್ ಡಿನೈಡ್' ಅಂದರೆ ಸಾಮಾನ್ಯವಾಗಿ ನೀವು ರೂಟ್ (ಲಿನಕ್ಸ್‌ನ ಪೂರ್ತಿ ಅಧಿಕಾರದ ಖಾತೆ) ಅಲ್ಲ. ಸಿಸ್ಟಂ ಸೆಟ್ಟಿಂಗ್‌ಗಳಿರುವ ಇಟಿಸಿ ಫೋಲ್ಡರಿನ ಫೈಲುಗಳ ಹಕ್ಕಿನ ಸಂಖ್ಯೆ ಹೆಚ್ಚಾಗಿ 644 ಆಗಿರುತ್ತದೆ, ಅಂದರೆ ಮಾಲೀಕ ರೂಟ್ ಬರೆಯಬಹುದು, ಉಳಿದವರು ಓದಬಹುದು. ಕಮಾಂಡಿನ ಮುಂದೆ ಸುಡೊ ಹಾಕಿದರೆ ಅದು ರೂಟ್ ಆಗಿ ಓಡುತ್ತದೆ, ಸರಿಹೋಗುತ್ತದೆ. ರೂಟ್ ಆದ ಮೇಲೂ 'ಆಪರೇಷನ್ ನಾಟ್ ಪರ್ಮಿಟೆಡ್' ಬಂದರೆ ಸುಡೊ ಜೊತೆ ಹೋರಾಡಿ ಪ್ರಯೋಜನ ಇಲ್ಲ. ನಾನು 'ಎಲ್ಎಸ್ಆಟರ್' ಕೊಟ್ಟು ನೋಡುತ್ತೇನೆ. ಅಲ್ಲಿ 'ಐ' ಅಕ್ಷರ ಕಂಡರೆ ಯಾರೋ ಫೈಲನ್ನು ಬದಲಾಗದಂತೆ ಗಟ್ಟಿ ಮಾಡಿಟ್ಟಿದ್ದಾರೆ. 'ಸಿಎಚ್ಆಟರ್' ಕಮಾಂಡಿನಲ್ಲಿ ಮೈನಸ್ ಐ ಕೊಟ್ಟರೆ ಅದು ಹೋಗುತ್ತದೆ. ಹಾಗೆ ಮಾಡುವ ಮೊದಲು ಅದನ್ನು ಹಾಕಿದವರು ಯಾರು, ಯಾಕೆ ಅಂತ ಕೇಳುವುದು ಒಳ್ಳೆಯದು. ಮೂರನೆಯದು 'ರೀಡ್ ಓನ್ಲಿ ಫೈಲ್ ಸಿಸ್ಟಂ'. ಇಲ್ಲಿ ಫೈಲಿನದ್ದಲ್ಲ, ಇಡೀ ಡಿಸ್ಕ್ ವಿಭಾಗದ ತಕರಾರು. ಆ ವಿಭಾಗವನ್ನು ಬರೆಯಲು ಬರುವಂತೆ ಮತ್ತೆ ಜೋಡಿಸಿ (ರೀಮೌಂಟ್ ಮಾಡಿ) ಮುಂದೆ ಹೋಗುವ ಆಸೆ ಆಗುತ್ತದೆ. ಆದರೆ ಡಿಸ್ಕ್‌ನಲ್ಲಿ ದೋಷ ಕಂಡಾಗ ಲಿನಕ್ಸ್ ತಾನೇ ಆ ವಿಭಾಗವನ್ನು ಓದುವುದಕ್ಕೆ ಮಾತ್ರ ಅಂತ ಮಾಡಿಬಿಡುವುದುಂಟು. ನಾನು ಮೊದಲು ಕರ್ನಲ್ ಲಾಗ್ (ಲಿನಕ್ಸ್‌ನ ತಿರುಳು ಬರೆದಿಡುವ ದಾಖಲೆ) ಓದುತ್ತೇನೆ. ಅಲ್ಲಿ ಡಿಸ್ಕ್ ಎರರ್ ಸಾಲುಗಳಿದ್ದರೆ ಎಡಿಟ್ ಬಿಟ್ಟು ಬ್ಯಾಕಪ್ ಶುರು.

ಸುಡೊ ಹಾಕಿಯೂ ಸೋಲುವ ಒಂದು ಪ್ರಸಿದ್ಧ ಸಂದರ್ಭ ಇದೆ. ಕೊಟ್ಟ ಸಾಲನ್ನು ಹೊರಹಾಕುವ ಎಕೋ ಕಮಾಂಡಿಗೆ ಸುಡೊ ಸೇರಿಸಿ 'ಸುಡೊ ಎಕೋ' ಅಂತ ಬರೆದು, ಸಾಲನ್ನು > ಚಿಹ್ನೆಯಿಂದ ಹೋಸ್ಟ್ಸ್ ಫೈಲಿಗೆ ತಿರುಗಿಸುತ್ತಾರೆ. ಪರ್ಮಿಷನ್ ಡಿನೈಡ್! ಸುಡೊ ಅಧಿಕಾರ ಕೊಟ್ಟದ್ದು ಎಕೋಗೆ. ಫೈಲ್ ತೆರೆಯುವ ಕೆಲಸ ಮಾಡುವುದು ಶೆಲ್ (ನೀವು ಟೈಪ್ ಮಾಡಿದ ಕಮಾಂಡನ್ನು ಓದಿ ಓಡಿಸುವ ಪ್ರೋಗ್ರಾಂ), ಅದು ಇನ್ನೂ ನಿಮ್ಮ ಸಾಮಾನ್ಯ ಹೆಸರಿನಲ್ಲೇ ಓಡುತ್ತಿದೆ. ಅದೂ ಸುಡೊ ಶುರುವಾಗುವ ಮೊದಲೇ ಫೈಲ್ ತೆರೆಯಲು ನೋಡುತ್ತದೆ. ಎಕೋದಿಂದ ಬಂದದ್ದನ್ನು ಪೈಪ್ ಮೂಲಕ ಫೈಲಿಗೆ ಬರೆಯುವ 'ಸುಡೊ ಟೀ'ಗೆ ಕೊಡಿ, ಜೊತೆಗೆ 'ಕೊನೆಗೆ ಸೇರಿಸು' ಅನ್ನುವ ಮೈನಸ್ ಎ ಹಾಕಿ. ಮೈನಸ್ ಎ ಮರೆತರೆ ಹಳೆಯದೆಲ್ಲ ಅಳಿಸಿ ಈ ಒಂದೇ ಸಾಲು ಉಳಿಯುತ್ತದೆ.

ಕೈಯಲ್ಲಿ ತಿದ್ದುವುದಕ್ಕೆ ನಾನು ಬಳಸುವುದು 'ಸುಡೊಎಡಿಟ್'. ಯಾಕೋ ಇದನ್ನು ಬಳಸುವವರು ಕಡಿಮೆ. 'ಸುಡೊ ವಿಮ್' ಅಂದರೆ ಇಡೀ ಎಡಿಟರ್, ಅದರ ಪ್ಲಗಿನ್‌ಗಳ ಸಮೇತ, ರೂಟ್ ಆಗಿ ಓಡುತ್ತದೆ. ಸುಡೊಎಡಿಟ್ ಹಾಗಲ್ಲ. ಫೈಲಿನ ತಾತ್ಕಾಲಿಕ ಪ್ರತಿ ಮಾಡಿ, ನಿಮ್ಮ ಎಡಿಟರನ್ನು ನಿಮ್ಮದೇ ಅಧಿಕಾರದಲ್ಲಿ ತೆರೆದು, ನೀವು ಮುಗಿಸಿದ ಮೇಲೆ ಪ್ರತಿಯನ್ನು ಮೂಲದ ಜಾಗಕ್ಕೆ ಬರೆಯುತ್ತದೆ.

ಈಗ 777 ಕಥೆ. ಒಂದು ಸಂಸ್ಥೆಯ ಸರ್ವರಿಗೆ ಲಾಗಿನ್ ಆಗಲ್ಲ, ಸುಡೊ ಓಡಲ್ಲ ಅಂತ ಕರೆ ಬಂತು. ಯಾವುದೋ ಒಂದು ಫೈಲ್ ಸೇವ್ ಆಗಲಿಲ್ಲ ಅಂತ ಇಡೀ ಇಟಿಸಿ ಫೋಲ್ಡರಿಗೆ ಹಕ್ಕು ಬದಲಿಸುವ ಸಿಎಚ್‌ಮಾಡ್ ಕಮಾಂಡಿನಿಂದ 777 ಹೊಡೆದಿದ್ದರು, ಒಳಗಿನ ಎಲ್ಲದಕ್ಕೂ ಸೇರಿಸಿ. ಎಲ್ಲರಿಗೂ ಎಲ್ಲ ಹಕ್ಕು ಕೊಟ್ಟ ಮೇಲೆ ತೊಂದರೆ ಎಲ್ಲಿಂದ ಬರುತ್ತದೆ ಅಂತ ಅವರ ಪ್ರಶ್ನೆ. ತೊಂದರೆ ಬಂದದ್ದು ಅಲ್ಲಿಂದಲೇ. ಸುಡೊ ಬಳಸುವ ಹಕ್ಕು ಯಾರಿಗೆ ಅಂತ ಬರೆದಿರುವ ಸುಡೊಅರ್ಸ್ ಫೈಲನ್ನು ಯಾರು ಬೇಕಾದರೂ ಬದಲಿಸಬಹುದು ಅಂತ ಕಂಡರೆ ಸುಡೊ ಅದನ್ನು ನಂಬುವುದೇ ಇಲ್ಲ, ನಿಂತುಬಿಡುತ್ತದೆ. ದೂರದಿಂದ ಲಾಗಿನ್ ಮಾಡಿಸುವ ಎಸ್‌ಎಸ್‌ಎಚ್ ಸರ್ವರ್ ತನ್ನ ಖಾಸಗಿ ಕೀಲಿ ಎಲ್ಲರಿಗೂ ತೆರೆದಿದೆ ಅಂತ ಅದನ್ನು ಬಳಸಲು ಒಪ್ಪುವುದಿಲ್ಲ. ಪಾಸ್‌ವರ್ಡ್ ಹ್ಯಾಶ್‌ಗಳಿರುವ ಶ್ಯಾಡೋ ಫೈಲಂತೂ ಸಿಸ್ಟಂನಲ್ಲಿರುವ ಯಾರು ಬೇಕಾದರೂ ಓದುವ ಹಾಗೆ ಆಗಿತ್ತು.

ರಿಕವರಿ ಮೋಡಿನಲ್ಲಿ ಬೂಟ್ ಮಾಡಿ ಮೊದಲು ಸುಡೊಅರ್ಸ್ ಫೈಲನ್ನು 440ಕ್ಕೆ, ಅಂದರೆ ಓದುವುದಕ್ಕೆ ಮಾತ್ರ ಅನ್ನುವ ಸ್ಥಿತಿಗೆ ತಂದೆ. ಉಳಿದದ್ದಕ್ಕೆ ಅದೇ ಆವೃತ್ತಿಯ ಇನ್ನೊಂದು ಸರಿಯಾದ ಯಂತ್ರದಿಂದ ಪರ್ಮಿಷನ್ ಪಟ್ಟಿ ತೆಗೆದು ಹೋಲಿಸಿ ಹಾಕಿದೆ. ಆರ್‌ಪಿಎಂ ಪ್ಯಾಕೇಜ್ ವ್ಯವಸ್ಥೆ ಬಳಸುವ ಲಿನಕ್ಸ್ ಆಗಿದ್ದರೆ ಕೆಲಸ ಹಗುರ, ಪ್ಯಾಕೇಜ್ ದಾಖಲೆಯಲ್ಲಿರುವ ಹಕ್ಕುಗಳನ್ನು ಅದರ 'ಸೆಟ್‌ಪರ್ಮ್ಸ್' ಮತ್ತೆ ಹಾಕುತ್ತದೆ. ಕೊನೆಗೆ ಎಸ್‌ಎಸ್‌ಎಚ್ ಕೀಲಿಗಳನ್ನು ಹೊಸದಾಗಿ ಮಾಡಿ, ಎಲ್ಲರ ಪಾಸ್‌ವರ್ಡ್ ಬದಲಿಸಿಸಿದೆ. ಹಕ್ಕು ಸರಿಪಡಿಸಿದರೂ ಆ ನಡುವೆ ಯಾರಾದರೂ ಓದಿರಬಹುದಲ್ಲ.

ಮ್ಯಾಕ್‌ನಲ್ಲಿ ನನ್ನ ಅನುಭವ ಕಡಿಮೆ. ಹೋಸ್ಟ್ಸ್ ಫೈಲ್ ಅಲ್ಲಿ ಸುಡೊದಿಂದ ಆರಾಮಾಗಿ ಎಡಿಟ್ ಆಗುತ್ತದೆ. ಸಿಸ್ಟಂ ಫೋಲ್ಡರಿಗೆ ಕೈ ಹಾಕಿದರೆ ರೂಟ್‌ಗೂ ಅವಕಾಶ ಇಲ್ಲ. 2015ರ ಮ್ಯಾಕ್ ಆವೃತ್ತಿ ಎಲ್ ಕ್ಯಾಪಿಟನ್‌ನಿಂದ ಎಸ್‌ಐಪಿ ಅನ್ನುವ ರಕ್ಷಣೆ ಇದೆ. 2019ರ ಕ್ಯಾಟಲಿನಾದಲ್ಲಿ ಸಿಸ್ಟಂ ಭಾಗವನ್ನೇ ಬೇರೆ ಮಾಡಿ ಓದುವುದಕ್ಕೆ ಮಾತ್ರ ಇಟ್ಟರು. ಎಸ್‌ಐಪಿ ಆಫ್ ಮಾಡುವ ದಾರಿ ರಿಕವರಿಯಲ್ಲಿ ಇದೆ, ನಾನು ಯಾರಿಗೂ ಅದನ್ನು ಹೇಳಿಕೊಡುವುದಿಲ್ಲ.

ಪರ್ಮಿಷನ್ ಸಿಕ್ಕಿ, ಸೇವ್ ಆಗಿ, ಮಾರನೇ ದಿನ ಬದಲಾವಣೆ ಮಾಯವಾಗುವುದೂ ಉಂಟು. ಸೈಟುಗಳ ವಿಳಾಸವನ್ನು ಯಾವ ಸರ್ವರಿನಲ್ಲಿ ಕೇಳಬೇಕು ಅಂತ ಹೇಳುವ ರಿಸಾಲ್ವ್ ಡಾಟ್ ಕಾನ್ಫ್ ಫೈಲ್ ಇದಕ್ಕೆ ಹೆಸರುವಾಸಿ. ಅನೇಕ ಲಿನಕ್ಸ್‌ಗಳಲ್ಲಿ ಅದು ನಿಜವಾದ ಫೈಲೇ ಅಲ್ಲ, ಸಿಸ್ಟಂಡಿ (ಲಿನಕ್ಸ್‌ನ ಸರ್ವಿಸ್‌ಗಳನ್ನು ನಡೆಸುವ ವ್ಯವಸ್ಥೆ) ಬರೆಯುವ ಇನ್ನೊಂದು ಫೈಲಿಗೆ ಕೊಂಡಿ. ಹಾಗಾಗಿ ಎಡಿಟ್ ಮಾಡುವ ಮೊದಲು 'ಎಲ್‌ಎಸ್ ಮೈನಸ್ ಎಲ್' ಕೊಟ್ಟು ಬಾಣದ ಗುರುತು ಇದೆಯಾ ಅಂತ ನೋಡುವುದು, ಫೈಲಿನ ಮೊದಲ ಸಾಲುಗಳನ್ನು ಓದುವುದು ನನಗೆ ಅಭ್ಯಾಸ. 'ಇದನ್ನು ಕೈಯಲ್ಲಿ ತಿದ್ದಬೇಡಿ' ಅಂತ ಅಲ್ಲೇ ಬರೆದಿರುತ್ತಾರೆ, ಯಾರೂ ಓದುವುದಿಲ್ಲ.

ಮೂಲ ಫೈಲನ್ನು ಮುಟ್ಟದೆ ಪಕ್ಕದಲ್ಲಿ ಸಣ್ಣ ಫೈಲ್ ಇಡುವ ಅವಕಾಶ ಇದ್ದರೆ ನಾನು ಅದನ್ನೇ ಆರಿಸುತ್ತೇನೆ, ಅಪ್‌ಡೇಟ್ ಬಂದಾಗ ಜಗಳ ಇರುವುದಿಲ್ಲ. ಸರ್ವಿಸ್‌ಗಳಿಗೆ 'ಸಿಸ್ಟಂಸಿಟಿಎಲ್ ಎಡಿಟ್' ಇದೆ. ಸುಡೊ ನಿಯಮಗಳಿಗೆ ಸುಡೊಅರ್ಸ್ ಡಾಟ್ ಡಿ ಫೋಲ್ಡರ್ ಇದೆ. ಅಲ್ಲಿನ ಫೈಲುಗಳನ್ನೂ ವಿಸುಡೊ ಮೂಲಕವೇ ತೆರೆಯಿರಿ, ಅದು ವ್ಯಾಕರಣ ನೋಡಿ ಆಮೇಲೆ ಸೇವ್ ಮಾಡುತ್ತದೆ. ಮುಗಿಯುವವರೆಗೆ ಇನ್ನೊಂದು ಕಿಟಕಿಯಲ್ಲಿ ರೂಟ್ ಶೆಲ್ ತೆರೆದಿಟ್ಟಿರಿ. ಮತ್ತೆ, ಆ ಫೋಲ್ಡರಿನಲ್ಲಿ ಹೆಸರಿನೊಳಗೆ ಚುಕ್ಕೆ ಇರುವ ಫೈಲನ್ನು ಸುಡೊ ಓದುವುದಿಲ್ಲ. ನಿಮ್ಮ ನಿಯಮ ಎಲ್ಲ ಸರಿ ಇದ್ದೂ ಕೆಲಸ ಮಾಡುತ್ತಿಲ್ಲ ಅಂದರೆ ಮೊದಲು ಫೈಲಿನ ಹೆಸರು ನೋಡಿ.