ಕಿವಿ ಮಿಷನ್ ತಂದ ಮೇಲೆ ಏನು ಮಾಡಬೇಕು?

ನಮ್ಮ ಮಾವನವರು ತುಮಕೂರಿನ ಒಂದು ಅಕ್ಕಿ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದವರು. "ಹಾಲು ಬಂತಾ?" ಅಂತ ಅತ್ತೆ ಕೇಳಿದರೆ "ಕಾಲು ಹಂಗೇ ಇದೆ, ಎಣ್ಣೆ ಹಚ್ಚಿದೀನಿ" ಅನ್ನುತ್ತಿದ್ದರು. ಎರಡು ವರ್ಷ ನಕ್ಕು ಸುಮ್ಮನಾದೆವು. ಆಮೇಲೆ ದುಡ್ಡು ಹೊಂದಿಸಿ ಮಿಷನ್ ತಂದೆವು. ಅದು ಆರು ತಿಂಗಳು ಬೀರುವಿನಲ್ಲಿ ಪಂಚೆಗಳ ಕೆಳಗೆ ಬೆಚ್ಚಗೆ ಮಲಗಿತ್ತು. ಗುಬ್ಬಿಯ ಚಿಕ್ಕಮ್ಮನ ಮನೆಯಲ್ಲೂ ಇದೇ ಕಥೆ, ಶಿರಾದಲ್ಲಿರುವ ದೊಡ್ಡಪ್ಪನದೂ ಇದೇ. ಎಲ್ಲರೂ ಎಡವೋದು ಮಿಷನ್ ತಂದ ಮೊದಲ ತಿಂಗಳಲ್ಲಿ. ಹಾಗಾಗಿ ಅದಕ್ಕೆ ಮುಂಚಿನದನ್ನೆಲ್ಲ ಬೇಗ ಮುಗಿಸುತ್ತೇನೆ.

ಮೊದಲು, ಗುರುತು ಹಿಡಿಯಿರಿ

ಟಿವಿ ಸೌಂಡ್ ಜಾಸ್ತಿ ಮಾಡೋದು ಎಲ್ಲರಿಗೂ ಗೊತ್ತು. ಅದಕ್ಕಿಂತ ಮುಂಚೆ ಬರುವ ಮಾತು ಬೇರೆ: "ಕೇಳ್ಸುತ್ತಪ್ಪ, ಏನಂದ್ರು ಅಂತ ಗೊತ್ತಾಗಲ್ಲ." ಒಳಕಿವಿಯಲ್ಲಿ ಹುಟ್ಟುವಾಗ ಸದ್ದು ಹಿಡಿಯುವ ಸುಮಾರು 15,000 ಕೂದಲುಕೋಶಗಳು ಇರುತ್ತವೆ. ಗದ್ದಲಕ್ಕೋ ವಯಸ್ಸಿಗೋ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಕೀರಲು ಸದ್ದು ಹಿಡಿಯುವಂಥವು. ಆ, ಊ ಚೆನ್ನಾಗಿಯೇ ಕೇಳುತ್ತವೆ. ಸ, ಶ, ಕ, ತ, ಹ ಜಾರಿಹೋಗುತ್ತವೆ. ಹಾಲು, ಕಾಲು, ಸಾಲು ಎಲ್ಲ ಒಂದೇ ಆಗೋದು ಹೀಗೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬೆಳಗ್ಗೆ ಎದ್ದಾಗ ಇದ್ದಕ್ಕಿದ್ದಂತೆ ಒಂದು ಕಿವಿ ಕೇಳದಿದ್ದರೆ ಅವತ್ತೇ ಇಎನ್‌ಟಿ ಡಾಕ್ಟರ ಹತ್ತಿರ ಓಡಿ. ನೆಗಡಿ ಇರಬೇಕು, ಎರಡು ವಾರ ನೋಡೋಣ ಅಂದರೆ ಸ್ಟೀರಾಯ್ಡ್ ಚಿಕಿತ್ಸೆಯಿಂದ ಸರಿಹೋಗಬಹುದಾದ ಕಿವಿಯೂ ಕೈತಪ್ಪುತ್ತದೆ.

ಎರಡನೆಯದು, ಡಾಕ್ಟರು ಮತ್ತು ಪರೀಕ್ಷೆ

ಕೆಲವರಿಗೆ ಬರೀ ಗುಗ್ಗೆ ಕಟ್ಟಿರುತ್ತದೆ, ತೆಗೆಸಿದರೆ ಮುಗಿಯಿತು. ಬೆಳ್ಳುಳ್ಳಿ ಹಾಕಿದ ಬಿಸಿ ಎಣ್ಣೆ, ಹೇರ್‌ಪಿನ್, ಬೆಂಕಿಕಡ್ಡಿ, ಇಯರ್‌ಬಡ್ ಯಾವುದೂ ಬೇಡ. ಬಡ್ಸ್ ಗುಗ್ಗೆಯನ್ನು ತೆಗೆಯೋದಕ್ಕಿಂತ ಒಳಗೆ ತಳ್ಳೋದೇ ಜಾಸ್ತಿ. ಕಿವಿಯ ತಮಟೆ ತೂತಾಗಿದ್ದರೆ ಅದೂ ಡಾಕ್ಟರ ಹತ್ತಿರವೇ ಗೊತ್ತಾಗುತ್ತದೆ.

ಆಮೇಲೆ ಆಡಿಯೋಗ್ರಾಮ್, ಅಂದರೆ ಯಾವ ಸದ್ದು ಎಷ್ಟು ಕೇಳುತ್ತದೆ ಅಂತ ಪರೀಕ್ಷೆ ಮಾಡಿ ಬರೆದ ನಕ್ಷೆ. ರಿಪೋರ್ಟಿನಲ್ಲಿ ಕೆಂಪು ಸೊನ್ನೆ ಬಲಕಿವಿ, ನೀಲಿ ಗುಣಾಕಾರದ ಗುರುತು ಎಡಕಿವಿ. ಗೆರೆ ಕೆಳಗಿಳಿದಷ್ಟೂ ಕಿವಿ ಮಂದ. ಈ ಕಾಗದ ಇಲ್ಲದೆ ಯಾವ ಮಿಷನ್ನೂ ಕೊಳ್ಳಬೇಡಿ. ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಡಬ್ಬಿಗಳು ಎಲ್ಲ ಸದ್ದನ್ನೂ ಒಂದೇ ಸಮ ಏರಿಸುತ್ತವೆ, ಮಾತಿಗಿಂತ ಮಿಕ್ಸಿಯೇ ಜೋರಾಗಿ ಕೇಳುತ್ತದೆ. ದುಡ್ಡಿಲ್ಲ ಅನ್ನುವವರು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಬಡ ಹಿರಿಯರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆಯಿದೆ, ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯದ ಸರ್ಟಿಫಿಕೇಟ್ ಇರುವವರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಿದೆ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೂ ಹೋಗಬಹುದು.

ಮೂರನೆಯದು, ಮೊದಲ ತಿಂಗಳು

ನಾವು ಮಾಡಿದ ತಪ್ಪು ಕೇಳಿ. ಮಿಷನ್ ಹಾಕಿಸಿಕೊಂಡ ಮಾರನೇ ದಿನವೇ ಮಾವನವರನ್ನು ಗೃಹಪ್ರವೇಶಕ್ಕೆ ಕರೆದುಕೊಂಡು ಹೋದೆವು. ಓಲಗ, ಸ್ಟೀಲ್ ಲೋಟ, ಅಳುವ ಮಕ್ಕಳು. ಊಟದ ಎಲೆ ಮುಂದೆ ಕೂತೇ ಕಿತ್ತು ಜೇಬಿಗೆ ಹಾಕಿಕೊಂಡರು. ಅವರ ತಪ್ಪೇನಿಲ್ಲ. ವರ್ಷಗಟ್ಟಲೆ ಕೇಳದ ಫ್ಯಾನು, ಚಪ್ಪಲಿ, ಪೇಪರ್ ಮಡಿಸುವ ಸದ್ದು ಎಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತವೆ, ಯಾವುದನ್ನು ಬಿಡಬೇಕು ಅಂತ ಮೆದುಳಿಗೆ ಮರೆತುಹೋಗಿರುತ್ತದೆ. ತಮ್ಮದೇ ದನಿ ಬಿಂದಿಗೆಯೊಳಗಿಂದ ಬಂದ ಹಾಗೆ ಕೇಳುತ್ತದೆ.

ಆದ್ದರಿಂದ ಮೊದಲ ಮೂರ್ನಾಲ್ಕು ದಿನ ದಿನಕ್ಕೆ ಒಂದೆರಡು ಗಂಟೆ ಸಾಕು. ಸದ್ದಿಲ್ಲದ ರೂಮು, ಎದುರಿಗೆ ಒಬ್ಬರೇ ಕೂತು ಮಾತು. ನಂತರ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಎರಡನೇ ವಾರ ಮನೆಯೊಳಗೆ ಹಗಲೆಲ್ಲ, ಮೂರನೇ ವಾರ ಬೀದಿ, ಅಂಗಡಿ. ಮದುವೆ, ಸಿದ್ಧಗಂಗೆ ಜಾತ್ರೆ ಎಲ್ಲ ತಿಂಗಳಾದ ಮೇಲೆ.

ಹಾಕೋದನ್ನೂ ಕಲಿಸಬೇಕು. ಕೆಂಪು ಗುರುತು ಬಲಕ್ಕೆ, ನೀಲಿ ಎಡಕ್ಕೆ. ಮಂಚದ ಮೇಲೆ ಟವೆಲ್ ಹಾಸಿ ಕೂರಿಸಿ, ಬಿದ್ದರೆ ಒಡೆಯಬಾರದಲ್ವಾ. ಒಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದುಕೊಂಡು ಮೋಲ್ಡಿನ (ಕಿವಿಯ ಅಳತೆಗೆ ಮಾಡಿದ ಅಚ್ಚು) ಮೂತಿಯನ್ನು ಮೊದಲು ತೂತಿಗೆ ಇಡಬೇಕು. ಆಮೇಲೆ ಮೆಲ್ಲಗೆ ಹಿಂದಕ್ಕೆ ತಿರುಗಿಸಿದರೆ ಅದರ ಮೇಲ್ತುದಿ ಕಿವಿಯ ಮಡಿಕೆಯೊಳಗೆ ಹೋಗಿ ಕೂರುತ್ತದೆ. ಬಹಳ ಜನ ಈ ಮೇಲ್ತುದಿಯನ್ನು ಹೊರಗೇ ಬಿಟ್ಟಿರುತ್ತಾರೆ. ಆಗ ಕುಂಯ್ ಅಂತ ಕೂಗುತ್ತದೆ, ಮಿಷನ್ ಕೆಟ್ಟಿದೆ ಅಂದುಕೊಂಡು ಸೌಂಡ್ ಇಳಿಸುತ್ತಾರೆ, ಆಮೇಲೆ ಏನೂ ಕೇಳಲ್ಲ ಅಂತ ಬೀರುವಿಗೆ ಹಾಕುತ್ತಾರೆ. ಸರಿಯಾಗಿ ಕೂರಿಸಿದ ಮೇಲೂ ಕೂಗಿದರೆ ಗುಗ್ಗೆ ಇದೆಯಾ ನೋಡಿಸಿ, ಮೋಲ್ಡ್ ಸಡಿಲವಾಗಿದ್ದರೆ ಹೊಸದು ಮಾಡಿಸಿ.

ಬ್ಯಾಟರಿ ಸ್ಟಿಕ್ಕರ್ ಬಣ್ಣ ನೋಡಿ ತನ್ನಿ: 13 ನಂಬರಿಗೆ ಕಿತ್ತಳೆ, 312ಕ್ಕೆ ಕಂದು, 675ಕ್ಕೆ ನೀಲಿ. ಇದು ಗಾಳಿಯಿಂದ ಚಾಲೂ ಆಗುವ ಬ್ಯಾಟರಿ. ಸ್ಟಿಕ್ಕರ್ ಕಿತ್ತು ಕೆಲವು ನಿಮಿಷ ಹಾಗೇ ಬಿಟ್ಟು ಹಾಕಿ. ಮತ್ತೆ ಅಂಟಿಸಿಟ್ಟರೆ ಉಳಿತಾಯ ಆಗಲ್ಲ. ರಾತ್ರಿ ಬ್ಯಾಟರಿ ಬಾಗಿಲು ತೆರೆದಿಡಿ, ಸ್ನಾನಕ್ಕೆ ಮುಂಚೆ ತೆಗೆದಿಡಿ. ಮಗು ಬ್ಯಾಟರಿ ನುಂಗಿದರೆ ಸೀದಾ ಆಸ್ಪತ್ರೆಗೆ.

ಈ ತಿಂಗಳಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ. "ಪಾತ್ರೆ ಸದ್ದು ತಡೆಯೋಕಾಗಲ್ಲ", "ಮೊಮ್ಮಗಳ ಮಾತು ಕಮ್ಮಿ" ಅಂತ ಅವರು ಹೇಳಿದ್ದನ್ನು ಹಾಗೇ ಬರೆದು ಆಡಿಯಾಲಜಿಸ್ಟ್‌ಗೆ (ಕಿವಿ ಪರೀಕ್ಷೆ ಮಾಡಿ ಮಿಷನ್ ಹೊಂದಿಸುವವರು) ಕೊಡಿ, ಅವರು ಕಂಪ್ಯೂಟರಿನಲ್ಲಿ ಸೆಟ್ಟಿಂಗ್ ಬದಲಿಸುತ್ತಾರೆ. ಹೀಗೆ ಎರಡು ಮೂರು ಸಲ ಹೋಗಬೇಕಾಗುತ್ತದೆ. ಮಾರಿದ ಮೇಲೆ ಇದಕ್ಕೆ ಮುಖ ಸಿಂಡರಿಸುವ ಅಂಗಡಿಯಲ್ಲಿ ಕೊಳ್ಳಲೇಬೇಡಿ.

ಮನೆಯವರು ಕಿರುಚೋದನ್ನು ನಿಲ್ಲಿಸಿ. ಕಿರುಚಿದರೆ ಅಕ್ಷರಗಳೇ ಕೆಡುತ್ತವೆ. ಮೊದಲು ಕರೆಯಿರಿ, ಬೆಳಕಿರುವ ಕಡೆ ಎದುರಿಗೆ ಬನ್ನಿ, ಆಮೇಲೆ ನಿಧಾನವಾಗಿ ಮಾತಾಡಿ. ಅಡುಗೆಮನೆಯಿಂದ ಕೂಗುವ ಅಭ್ಯಾಸ ಬಿಡೋಕೆ ನಮ್ಮ ಅತ್ತೆಗೆ ಮಿಷನ್ನಿಗಿಂತ ಜಾಸ್ತಿ ದಿನ ಬೇಕಾಯಿತು.

ಕೊನೆಯದು, ಇನ್ನೂ ಕೇಳುತ್ತಿರುವವರಿಗೆ

ಅದೇ ಮಿಲ್ಲಿನಲ್ಲಿ ಈಗ ನನ್ನ ಮೈದುನ ಇದ್ದಾನೆ, ಕಿವಿಗೆ ಹತ್ತಿ ಇಟ್ಟುಕೊಂಡು. ಹತ್ತಿ ಏನೇನೂ ಸಾಲದು. ಸದ್ದನ್ನು ಅಳೆಯೋದು ಡೆಸಿಬಲ್‌ನಲ್ಲಿ. 85 ಡೆಸಿಬಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದು, ಪ್ರತಿ 3 ಡೆಸಿಬಲ್ ಏರಿದಾಗ ಆ ಹೊತ್ತು ಅರ್ಧವಾಗುತ್ತದೆ, 100 ಮುಟ್ಟಿದರೆ ಹದಿನೈದೇ ನಿಮಿಷ. ಗಣಪತಿ ಮೆರವಣಿಗೆಯ ಡಿಜೆ ಬಾಕ್ಸಿನ ಮುಂದೆ ಕುಣಿಯುವವರಿಗೂ ಇದೇ ಲೆಕ್ಕ.

ಮೆಡಿಕಲ್ ಅಂಗಡಿಯ ಫೋಮ್ ಇಯರ್‌ಪ್ಲಗ್ ತನ್ನಿ. ದೀಪದ ಬತ್ತಿ ಹೊಸೆದ ಹಾಗೆ ಸಣ್ಣಗೆ ಹೊಸೆದು, ಇನ್ನೊಂದು ಕೈಯನ್ನು ತಲೆ ಹಿಂದಿನಿಂದ ತಂದು ಕಿವಿ ಮೇಲಕ್ಕೆಳೆದು, ಒಳಗೆ ತೂರಿಸಿ ಅರ್ಧ ನಿಮಿಷ ಬೆರಳಿನಲ್ಲಿ ಒತ್ತಿ ಹಿಡಿಯಿರಿ, ಅಷ್ಟರಲ್ಲಿ ಅದು ಉಬ್ಬಿ ಕೂರುತ್ತದೆ. ಕನ್ನಡಿ ಎದುರು ನೇರ ನಿಂತಾಗ ಪ್ಲಗ್ಗಿನ ತುದಿ ಹೊರಗೆ ಚಾಚಿಕೊಂಡಿದ್ದರೆ ಸರಿ ಕೂತಿಲ್ಲ, ತೆಗೆದು ಮತ್ತೆ ಹೊಸೆಯಿರಿ.